ಜ್ವರ ಹುಳಕ್ಕೆ ಮಾತ್ರ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮೊದಲ ಊಟ ಹುಳುಗಳಿಗೆ, ಆಮೇಲೆ ಮನುಷ್ಯರಿಗೆ. ಸಾದಲಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಎಲ್ಲರೂ ರೇಷ್ಮೆ ಹುಳು ಸಾಕುತ್ತಿದ್ದರು. ಐದು ಗಂಟೆಗೆ ಏಳಬೇಕು, ಕೈಕಾಲು ತೊಳೆಯಬೇಕು, ಬಿದಿರಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಆ ಕೆಲಸ ನನ್ನದು ಮತ್ತು ಅಕ್ಕನದು. ಅಕ್ಕ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಸೊಪ್ಪು ಹಾಕುತ್ತಲೇ ಪಾಠ ಬಾಯಿಪಾಠ ಮಾಡುತ್ತಿದ್ದಳು.

ರೇಷ್ಮೆ ಹುಳು ದೊಡ್ಡದಾಗುವಾಗ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು, ಪೊರೆ ಕಳಚುತ್ತದೆ. ಇದಕ್ಕೆ ನಮ್ಮ ಕಡೆ 'ಜ್ವರ' ಎನ್ನುತ್ತಾರೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಆ ದಿನಗಳಲ್ಲಿ ಮನೆಯೆಲ್ಲ ಹಸಿ ಸೊಪ್ಪಿನ ವಾಸನೆ, ಬಿಡುವಿಲ್ಲದ ಚರಚರ ಸದ್ದು.

ಅಂಥದೇ ಒಂದು ದಿನ ಅಪ್ಪ, ಅಮ್ಮ ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟರು. ಊರಿನಲ್ಲಿ ಸೊಳ್ಳೆ ಔಷಧಿ ಹೊಡೆಯುವವರು ಬಂದಿದ್ದಾರೆಂದು ಸುದ್ದಿ ಇತ್ತು.

"ಪಂಪಿನೋರು ಬಂದ್ರೆ ಒಳಗೆ ಬಿಡ್ಬೇಡ ಕಣೋ" ಎಂದರು ಅಪ್ಪ. "ಆ ಔಷಧಿ ಸೋಕಿದ್ರೆ ಒಂದು ಹುಳಾನೂ ಉಳಿಯಲ್ಲ."

ಹತ್ತು ಗಂಟೆಯ ಹೊತ್ತಿಗೆ ಅಕ್ಕನಿಗೆ ಚಳಿ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಮೊನ್ನೆಯೂ ಇದೇ ಹೊತ್ತಿಗೆ ಬಂದಿತ್ತು. ನಿನ್ನೆ ಬಿಟ್ಟಿತ್ತು, ಎದ್ದು ಕೆಲಸ ಮಾಡಿದ್ದಳು. ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಗ ಹೊರಗೆ ಸೈಕಲ್ ಗಂಟೆ ಕೇಳಿತು. ಪಂಪಿನವರಲ್ಲ. ಹದಿನೈದು ದಿನಕ್ಕೊಮ್ಮೆ ಮನೆಮನೆಗೂ ಬಂದು ಜ್ವರ ವಿಚಾರಿಸುವ ಮಲೇರಿಯಾದವರು.

"ಏನಪ್ಪಾ, ಮನೇಲಿ ಯಾರಿಗಾದ್ರೂ ಜ್ವರ ಐತಾ?"

ಜ್ವರ ಇದೆ ಎಂದರೆ ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ಪಂಪು ಬರುತ್ತದೆ. ಪಂಪು ಬಂದರೆ ಹುಳು ಸಾಯುತ್ತವೆ. ಹತ್ತು ವರ್ಷದ ನನ್ನ ತಲೆಗೆ ಹೊಳೆದದ್ದು ಇಷ್ಟೇ.

"ಇತ್ತು ಸಾರ್, ಹುಳಕ್ಕೆ! ನಾಲ್ಕನೇ ಜ್ವರ, ಮೊನ್ನೆ ಎದ್ವು."

ಅವರು ಜೋರಾಗಿ ನಕ್ಕರು. "ಹುಳದ ಬೆರಳು ಚುಚ್ಚಿ ರಕ್ತ ತೆಗೀಲೇನೋ, ಪೋಕರಿ? ನಾನು ಕೇಳಿದ್ದು ಮನುಷ್ಯರಿಗೆ. ನಿಮ್ಮಕ್ಕ ಎಲ್ಲಿ?"

"ತೋಟಕ್ಕೆ ಹೋಗವ್ಳೆ. ಎಲ್ಲಾರೂ ಗಟ್ಟಿಯಾಗವ್ರೆ."

ಭೇಟಿಯ ಲೆಕ್ಕಕ್ಕೆಂದು ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ ಅವರು ಹೊರಟುಹೋದರು. ನಾನು ಗೆದ್ದೆ ಎಂದುಕೊಂಡೆ.

ದಿನ ಬಿಟ್ಟು ದಿನ ಅಕ್ಕನಿಗೆ ಚಳಿ ಬರುತ್ತಲೇ ಇತ್ತು. ಅಮ್ಮ ಕಷಾಯ ಕೊಟ್ಟರು. ಪರೀಕ್ಷೆಯ ಮೊದಲ ದಿನ ಚಳಿಯ ಸರದಿಯ ದಿನವೇ ಆಯಿತು. ಶಿಡ್ಲಘಟ್ಟಕ್ಕೆ ಹೋದ ಅಕ್ಕ ಪೆನ್ನು ಹಿಡಿಯಲಾಗದೆ, ಮಧ್ಯಾಹ್ನ ಅಪ್ಪನ ಭುಜ ಹಿಡಿದು ವಾಪಸು ಬಂದಳು. ಉಳಿದ ಪತ್ರಿಕೆಗಳನ್ನೂ ಬರೆಯಲಿಲ್ಲ.

ಮುಂದಿನ ಸಲ ಮಲೇರಿಯಾದವರು ಬಂದಾಗ ಅಪ್ಪನೇ ಓಡಿಹೋಗಿ ಕರೆತಂದರು. ಅವರು ಅಕ್ಕನ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು, ಮಾತ್ರೆ ಕೊಟ್ಟರು. ಅಪ್ಪ ಪಂಪಿನ ಮಾತೆತ್ತಿದಾಗ, "ಹುಳ ಇರೋ ಮನೆಗೆ ನಾವು ಹೊಡೆಯಲ್ಲ ಯಜಮಾನ್ರೇ" ಎಂದರು.

ಹೊರಡುವಾಗ ನನ್ನನ್ನು ಸೈಕಲ್ಲಿನ ಹತ್ತಿರ ಕರೆದರು. ಬೈಯಲಿಲ್ಲ. "ಹೋದ ಸಲವೂ ಇದೇ ಮಾತ್ರೆ ನನ್ನ ಚೀಲದಲ್ಲಿತ್ತು ಕಣಪ್ಪಾ" ಎಂದರು, ಅಷ್ಟೇ. ಅಪ್ಪನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅಕ್ಕ ಹುಷಾರಾದಳು. ಮುಂದಿನ ವರ್ಷ ಪರೀಕ್ಷೆ ಬರೆದರಾಯಿತು ಎಂದರು ಮನೆಯವರು. ಮುಂದಿನ ವರ್ಷ ಅವಳ ಮದುವೆಯಾಯಿತು. ಓದಿದವನು ನಾನು. ಸೊಳ್ಳೆಯಿಂದ ಬರುವ ರೋಗಗಳ ಸಂಶೋಧಕನಾಗಿ ಗೌರಿಬಿದನೂರು, ಚಿಂತಾಮಣಿಯ ಸುತ್ತ ಬಾವಿ, ನೀರಿನ ಕುಂಟೆ, ದನದ ಕೊಟ್ಟಿಗೆಗಳಲ್ಲಿ ಸೊಳ್ಳೆ ಹಿಡಿದೆ. "ಯಾರಿಗೂ ಜ್ವರ ಇಲ್ಲ" ಎಂದ ಮನೆಯಿಂದ ನಾನು ತಕ್ಷಣ ಹೊರಡುತ್ತಿರಲಿಲ್ಲ. ನೀರು ಕೇಳಿ, ಜಗಲಿಯ ಮೇಲೆ ಕೂರುತ್ತಿದ್ದೆ. ಎಷ್ಟೋ ಸಲ ಒಳಗಿನಿಂದ ನರಳುವ ಸದ್ದು ಕೇಳಿಸಿತು. ಜೊತೆಯವರು ಅದನ್ನು ನನ್ನ ಜಾಣತನ ಎನ್ನುತ್ತಿದ್ದರು.

ಮಕ್ಕಳೇ, ನಿಮ್ಮ ಕಾಲ ಬೇರೆ. ನಿಮಗೆ ಮೈ ಬಿಸಿಯಾದರೆ ಸಂಜೆಯೊಳಗೆ ರಕ್ತದ ವರದಿ ಫೋನಿಗೆ ಬರುತ್ತದೆ. ತಪ್ಪಿದ ಪರೀಕ್ಷೆಯನ್ನು ಶಾಲೆಯವರು ಇನ್ನೊಮ್ಮೆ ಬರೆಸುತ್ತಾರೆ. ಆದರೆ ಮೊನ್ನೆ ಆಶಾ ಕಾರ್ಯಕರ್ತೆ ಡೆಂಗಿ ವಿಚಾರಿಸಲು ಬಂದಾಗ, ನೀವಿಬ್ಬರೂ ಆಟ ಬಿಡಲಾರದೆ ಬಾಲ್ಕನಿಯಿಂದಲೇ "ಎಲ್ಲಾ ಓಕೆ ಆಂಟಿ, ಎಲ್ಲೂ ನೀರು ನಿಂತಿಲ್ಲ" ಎಂದು ಕೂಗಿದಿರಿ. ಮಹಡಿಯ ಮೇಲಿನ ನೀರಿನ ಡ್ರಮ್ಮಿಗೆ ಮುಚ್ಚಳ ಇರಲಿಲ್ಲ. ನಿಮ್ಮನ್ನು ಬೈಯದೆ, ನಾನೇ ಮೇಲೆ ಹೋಗಿ ಅದನ್ನು ಮುಚ್ಚಿ ಬಂದೆ.

ಅಕ್ಕ ಈಗ ಚಿಂತಾಮಣಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಅವತ್ತು ಬಾಗಿಲಲ್ಲಿ ನಾನು ಹೇಳಿದ ಸುಳ್ಳು ಅವಳಿಗೆ ಇವತ್ತಿನವರೆಗೂ ಗೊತ್ತಿಲ್ಲ. ನಿಮಗೆ ಹೇಳುವುದು ಸುಲಭ, ಅದಕ್ಕೇ ಮೊದಲು ನಿಮಗೆ ಹೇಳಿದೆ. ಭಾನುವಾರ ಎಂಟು ಗಂಟೆಯ ಬಸ್ಸಿಗೆ ಹೊರಡೋಣ. ನಾನು ಹೇಳುವಾಗ ನೀವು ನನ್ನ ಪಕ್ಕದಲ್ಲಿರಿ.