ಏರಿಗೆ ಮುಂಚೆ ಗ್ರೀಸಕ್ಕನ ಗುಂಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ಬುಡದ ಹಳೆಯ ಗೋದಾಮಿನ ಪಕ್ಕ, ತಗಡಿನ ಶೆಡ್ಡಿನಲ್ಲಿ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಎದೆಮಟ್ಟದ ಸಿಮೆಂಟಿನ ಗುಂಡಿ, ಗುಂಡಿಯೊಳಗೆ ಐವತ್ತು ದಾಟಿದ ಒಬ್ಬ ಹೆಂಗಸು. ತಲೆಗೆ ಬಟ್ಟೆ ಬಿಗಿದು, ಗಂಡನ ಹಳೇ ಅಂಗಿಯನ್ನು ತೋಳು ಮಡಚಿ ತೊಟ್ಟು, ಮೇಲೆ ನಿಂತ ಜೀಪಿನ ಹೊಟ್ಟೆಯನ್ನು ಅಂಗೈಯಿಂದ ತಡವುತ್ತಿದ್ದಾರೆ. "ಎಂಜಿನ್ ಆಫ್ ಮಾಡಪ್ಪ, ನ್ಯೂಟ್ರಲ್‌ಗೆ ಹಾಕು. ಚಕ್ರಕ್ಕೆ ಕಲ್ಲು ಕೊಟ್ಟಿದೀಯ ತಾನೆ?" ಎನ್ನುತ್ತಾರೆ. ಕಲ್ಲು ಕೊಟ್ಟಿದ್ದೇನೆ ಎಂದ ಮೇಲೂ ಒಮ್ಮೆ ತಾವೇ ಇಣುಕಿ ನೋಡುತ್ತಾರೆ.

ಇವರ ಹೆಸರು ಮನೆಯವರಿಗೆ ಮಾತ್ರ ನೆನಪಿರಬೇಕು. ಏರುದಾರಿಯ ಚಾಲಕರಿಗೆಲ್ಲ ಇವರು ಗ್ರೀಸಕ್ಕ. ದಿನಕ್ಕೆ ಹತ್ತು ಹದಿನೈದು ಗಾಡಿಗಳು ಇವರ ಕೈ ಸೋಕಿ ಗುಡ್ಡ ಹತ್ತುತ್ತವೆ. ಮೇಲಿನ ಊರಿನ ಮಕ್ಕಳು ಶಾಲೆಗೆ ಬರುವುದು, ರೋಗಿಗಳು ಆಸ್ಪತ್ರೆಗೆ ಇಳಿಯುವುದು, ತರಕಾರಿ ಸಂತೆ ಸೇರುವುದು ಎಲ್ಲ ಅವುಗಳಲ್ಲೇ. ಗಾಡಿ ಗುಡ್ಡ ಹತ್ತಿದರೆ ಚಾಲಕನನ್ನು ಹೊಗಳುತ್ತಾರೆ, ಹತ್ತದಿದ್ದರೆ ರಸ್ತೆಯನ್ನು ಬಯ್ಯುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಗುಂಡಿಯೊಳಗಿನ ಹೆಂಗಸು ಯಾರ ಲೆಕ್ಕಕ್ಕೂ ಇಲ್ಲ.

ಈ ದಾರಿಯ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ. ಗೇರ್‌ಬಾಕ್ಸಿನ ಕಡೆಯಿಂದ ಮುಂದಿನ ಚಕ್ರಗಳತ್ತ ಆ ಬಲ ಸಾಗಿಸುವ ಉಕ್ಕಿನ ಕೊಳವೆಯೇ ಮುಂದಿನ ಶಾಫ್ಟ್. ಅದರ ಎರಡೂ ತುದಿಗೆ ಬಾಗಲು ಬರುವ ಜಾಯಿಂಟು, ಜಾಯಿಂಟಿನೊಳಗೆ ಕೂಡುವ ಗುರುತಿನಂಥ ಉಕ್ಕಿನ ಕ್ರಾಸ್, ಕ್ರಾಸಿನ ನಾಲ್ಕೂ ತುದಿಗೆ ಸೂಜಿಯಂಥ ಬೇರಿಂಗುಗಳು. ಗ್ರೀಸು ಒಣಗಿದರೆ ಗಾಡಿ ನಿಧಾನಕ್ಕೆ ಹೋಗುವಾಗ ಜಾಯಿಂಟು ಅಳಿಲಿನಂತೆ ಚಿಂವ್ ಚಿಂವ್ ಎನ್ನುತ್ತದೆ. ವೇಗ ಹೆಚ್ಚಿದರೆ ಆ ಕೂಗು ಬೇರೆ ಸದ್ದಿನಲ್ಲಿ ಮುಳುಗುತ್ತದೆ. ಚಾಲಕ ಮಹಾಶಯ ತಾನಾಗಿಯೇ ಸರಿಹೋಯಿತೆಂದು ಹಾಡು ಜೋರು ಮಾಡಿಕೊಂಡು ಹೋಗುತ್ತಾನೆ. ಒಂದು ದಿನ ಏರಿನ ನಡುವೆ ಶಾಫ್ಟು ಮುರಿದು, ಬಿಟ್ಟುಹೋದ ತುದಿ ಗಿರಗಿರ ತಿರುಗಿ ಗೇರ್‌ಬಾಕ್ಸನ್ನೇ ಬಡಿದು ಒಡೆಯುತ್ತದೆ. ಆಮೇಲೆ ಗ್ರೀಸು ತಂದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮದುವೆಯಾಗಿ ಬಂದಾಗ ಗ್ರೀಸಕ್ಕನಿಗೆ ಸ್ಪ್ಯಾನರ್ ಹಿಡಿಯಲೂ ಬರುತ್ತಿರಲಿಲ್ಲ. ಮಾವ ಈ ಶೆಡ್ಡಿನ ಮೇಸ್ತ್ರಿ. ಗಂಡನಿಗೆ ಡೀಸೆಲ್ ವಾಸನೆ ಕಂಡರೆ ವಾಕರಿಕೆ, ಅವರು ಬೇಕರಿ ಸೇರಿ ಇಂದಿಗೂ ಬ್ರೆಡ್ಡು ಸುಡುತ್ತಿದ್ದಾರೆ. ಮಗ ಒಲ್ಲೆನೆಂದ ವಿದ್ಯೆಯನ್ನು ಮಾವ ಸೊಸೆಗೆ ಕಲಿಸಿದರು. ಆ ವಿದ್ಯೆಯ ತಿರುಳು ಗೋದಾಮಿನ ಉದ್ದನೆಯ ಗೋಡೆ. ಬೆಳಿಗ್ಗೆ ಪ್ರತಿ ಗಾಡಿಯೂ ಕಿಟಕಿ ಇಳಿಸಿ, ಗೋಡೆಗೆ ಒತ್ತಿಕೊಂಡು ಇರುವೆಯಂತೆ ಸಾಗಬೇಕು. ಹೊಟ್ಟೆಯಡಿಯ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ. ತಗಡಿನ ಸ್ಟೂಲಿನ ಮೇಲೆ ಕೂತ ಗ್ರೀಸಕ್ಕ ಕೇಳಿಸಿಕೊಂಡು "ಹೋಗು" ಎನ್ನಬೇಕು, ಇಲ್ಲವೇ "ಗುಂಡಿಗೆ ಬಾ" ಎನ್ನಬೇಕು. ಚಾಲಕರ ಬಾಯಲ್ಲಿ ಇದು ಗೋಡೆ ಪರೀಕ್ಷೆ.

ಕಳೆದ ಮಳೆಗಾಲದ ಕೊನೆಯಲ್ಲಿ ಈ ಪರೀಕ್ಷೆಯೇ ಕೈಕೊಟ್ಟಿತು. ಗೋಡೆ ದಾಟಿದ ತರಕಾರಿ ಜೀಪಿನ ಶಾಫ್ಟು ಮೇಲಿನ ತಿರುವಿನಲ್ಲಿ ಮುರಿಯಿತು. ಹಿಂದಕ್ಕೆ ಜಾರತೊಡಗಿದ ಜೀಪನ್ನು ಚಾಲಕ ಹೇಗೋ ಗುಡ್ಡದ ಮಗ್ಗುಲಿಗೆ ಆನಿಸಿ ನಿಲ್ಲಿಸಿದ. ಅವನ ಮಣಿಕಟ್ಟು ಮುರಿಯಿತು, ಜೀವ ಉಳಿಯಿತು. ನೋಡಲು ಹೋದ ಗ್ರೀಸಕ್ಕ ಕೇಳಿದ್ದು ಒಂದೇ ಮಾತು: "ಗೋಡೆ ಹತ್ರ ಕೂಗ್ತಿತ್ತೇನೋ?"

"ಕೂಗ್ತಿತ್ತಕ್ಕಾ," ಅಂದ ಅವನು. "ನೀವು ಹೋಗು ಅಂದ್ರಲ್ಲ, ಅದಕ್ಕೇ ಹೋದೆ."

ಮರುದಿನವೇ ಗ್ರೀಸಕ್ಕ ಕಿವಿ ಡಾಕ್ಟರ ಬಳಿ ಹೋದರು. ಗ್ರೈಂಡರು, ಸುತ್ತಿಗೆಯ ಸದ್ದಿನಲ್ಲೇ ವರ್ಷಗಳು ಕಳೆದಿದ್ದರಿಂದ ಕಿವಿ ಸವೆದಿದೆ, ದಪ್ಪ ಸದ್ದು ಕೇಳುತ್ತದೆ, ಕೀರಲು ಸದ್ದು ಇನ್ನು ಕೇಳುವುದಿಲ್ಲ ಎಂದರು ಡಾಕ್ಟರು. ಮನೆಯಲ್ಲಿ ಇದು ಮೊದಲೇ ಗೊತ್ತಾಗಬೇಕಿತ್ತು. ಎಂಬತ್ತು ದಾಟಿದ ಅತ್ತೆ ಇಂದಿಗೂ ಶೆಡ್ಡಿನ ಬಾಗಿಲಲ್ಲಿ ಕೂತು ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ. ಅವರ ಸಮಜಾಯಿಷಿ ಹೀಗಿದೆ: "ಕುಕ್ಕರ್ ಕೂಗಿ ಕೂಗಿ ಸುಸ್ತಾದ್ರೂ ಇವಳು ಏಳ್ತಿರ್ಲಿಲ್ಲ. ನಾನ್ ಹೇಳಿದ್ದು ಕೇಳಿಸ್ಕೊಳ್ದೆ ಇರೋದು ಮೊದ್ಲಿಂದ್ಲೂ ಇದ್ದಿದ್ದೇ ಅಂತ ಸುಮ್ನಿದ್ದೆ."

ಕಿವಿ ಹೋದದ್ದನ್ನು ಮುಚ್ಚಿಡಬಹುದಿತ್ತು. ಗ್ರೀಸಕ್ಕ ಹಾಗೆ ಮಾಡಲಿಲ್ಲ. ಚಾಲಕರನ್ನೆಲ್ಲ ಕರೆದು, "ಗೋಡೆ ಪರೀಕ್ಷೆ ಮುಗೀತು. ಇನ್ಮೇಲೆ ಪ್ರತಿ ಗಾಡಿ ಗುಂಡಿಗೆ ಬರ್ಬೇಕು, ನಾನು ಶಾಫ್ಟ್ ಹಿಡ್ದು ನೋಡಿದ್ಮೇಲೇ ಮೇಲೆ ಹೋಗ್ಬೇಕು" ಎಂದರು. ಗೋಡೆಯ ಪಕ್ಕ ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಗುಂಡಿಯಲ್ಲಿ ಹತ್ತು ನಿಮಿಷ ಹಿಡಿಯುತ್ತದೆ. ಸಾಲು ಬೆಳೆಯುತ್ತದೆ, ಗೊಣಗಾಟವೂ ಬೆಳೆಯುತ್ತದೆ. ಒಬ್ಬ ತಪ್ಪಿಸಿಕೊಂಡು ಹೋದರೆ ನಾಳೆ ನಾಲ್ವರು ಹೋಗುತ್ತಾರೆ, ಆಮೇಲೆ ಗುಂಡಿಯ ಮುಂದೆ ನಿಲ್ಲುವವರು ಯಾರೂ ಇರುವುದಿಲ್ಲ. ಗ್ರೀಸಕ್ಕನಿಗಿರುವ ಭಯ ಅದೊಂದೇ.

ಇಂದು ಆ ಭಯ ನಿಜವಾಗುವ ಲಕ್ಷಣವಿದೆ. ಆಂಬುಲೆನ್ಸ್ ಬಂದಿದೆ. ಅದರ ಚಾಲಕನನ್ನು ಎಲ್ಲರೂ ಕರೆಯುವುದು ಗಡಿಬಿಡಿ ಎಂದು, ಹೆಸರಿಗೆ ತಕ್ಕ ಮನುಷ್ಯ. ಮೇಲಿನಿಂದ ಡಯಾಲಿಸಿಸ್ ರೋಗಿಯೊಬ್ಬರನ್ನು ಅವನು ಕರೆತರಬೇಕು. ಹಿಂದೆ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿದೆ, ಅದರ ಹಿಂದೆ ಮತ್ತೆರಡು ಜೀಪು. ಗಡಿಬಿಡಿ ಕಿಟಕಿಯಿಂದ ತಲೆ ಹಾಕಿ, "ಅಕ್ಕಾ, ಇವತ್ತೊಂದಿನ ಗೋಡೆ ಪಕ್ಕ ಹೋಗ್ಬಿಡ್ತೀನಿ. ಅಜ್ಜಿ ಕಿವಿ ಚೆನ್ನಾಗಿದೆಯಲ್ಲ, ಅವರೇ ಕೇಳಿ ಹೇಳ್ಲಿ" ಎನ್ನುತ್ತಾನೆ.

"ನಂಗೆ ಎಲ್ಲಾ ಗಾಡಿನೂ ಕಿರುಚೋದೇ ಕೇಳುತ್ತೆ ಕಣೋ," ಎನ್ನುತ್ತಾರೆ ಅಜ್ಜಿ, ಸೀಮೆಎಣ್ಣೆಯ ಬೋಗುಣಿಯಿಂದ ತಲೆಯೆತ್ತದೆ. "ಅದ್ರಲ್ಲಿ ನಿಂದೂ ಒಂದು."

ಗ್ರೀಸಕ್ಕ ನಗುವುದಿಲ್ಲ. ಗುಂಡಿಗೆ ಬಾ ಎಂದು ಕೈ ಮಾಡುತ್ತಾರೆ. ಗಡಿಬಿಡಿ ಹಲ್ಲು ಕಡಿಯುತ್ತಲೇ ಗಾಡಿ ತಂದು ನಿಲ್ಲಿಸುತ್ತಾನೆ. ಗ್ರೀಸಕ್ಕ ಒಂದು ಕೈಯಿಂದ ಶಾಫ್ಟನ್ನೂ ಇನ್ನೊಂದರಿಂದ ಜಾಯಿಂಟಿನ ಆಚೆ ತುದಿಯನ್ನೂ ಹಿಡಿದು ಒಂದಕ್ಕೊಂದು ವಿರುದ್ಧವಾಗಿ ತಿರುಚುತ್ತಾರೆ. ಬಿಗಿಯಾಗಿರಬೇಕಾದದ್ದು ಕೂದಲೆಳೆಯಷ್ಟು ಅಲುಗುತ್ತದೆ. ಬೆರಳಿನಿಂದ ಒರೆಸಿದರೆ ಇಟ್ಟಿಗೆ ಬಣ್ಣದ ತುಕ್ಕಿನ ಪುಡಿ ಅಂಟುತ್ತದೆ.

"ಇದು ಹೋಗಲ್ಲ ತಮ್ಮಾ."

"ಹಾಗಾದ್ರೆ ಮುಂದಿನ ಶಾಫ್ಟೇ ಬಿಚ್ಚಿಡಿ. ಹಿಂದಿನ ಚಕ್ರದಲ್ಲೇ ಹತ್ತಿಸ್ತೀನಿ. ಎಷ್ಟು ಜನ ಹಾಗೆ ಓಡಿಸಿಲ್ಲ?"

ಇದು ಈ ದಾರಿಯ ಹಳೇ ಚಾಳಿ. ಕೂಗುವ ಶಾಫ್ಟನ್ನು ಬಿಚ್ಚಿ ಸೀಟಿನಡಿ ಹಾಕಿಕೊಂಡು, ಸದ್ದು ನಿಂತಿತೆಂದು ಖುಷಿಪಡುವುದು. ಸಡಿಲ ಜಲ್ಲಿಯ ಏರಿನಲ್ಲಿ ಮುಂದಿನ ಚಕ್ರಗಳ ಹಿಡಿತವೇ ಇಲ್ಲದಿದ್ದರೆ ಗಾಡಿ ಎತ್ತ ಜಾರುತ್ತದೋ ಹೇಳಲಾಗದು. "ರೋಗಿ ಮಲಗಿಸ್ಕೊಂಡು ಇಳೀಬೇಕಾದ ಗಾಡೀಲಿ ಆಟ ಆಡ್ಬೇಡ. ಹೊಸ ಕ್ರಾಸ್ ನನ್ನ ಹತ್ರ ಇದೆ, ಹಾಕ್ಕೊಡ್ತೀನಿ. ಫೋನ್ ಮಾಡಿ ತಡ ಆಗುತ್ತೆ ಅಂತ ಹೇಳು," ಎಂದವರೇ ಬಿಚ್ಚುವ ಮುಂಚೆ ಶಾಫ್ಟಿನ ಮೇಲೂ ಅದು ಕೂರುವ ಜಾಗದ ಮೇಲೂ ಬಿಳಿ ಬಣ್ಣದ ಒಂದೊಂದು ಗೀಟು ಎಳೆಯುತ್ತಾರೆ. ಜೋಡಿಸುವಾಗ ಗೀಟಿಗೆ ಗೀಟು ಕೂಡದಿದ್ದರೆ ಗಾಡಿ ನಡುಗುತ್ತದೆ, ಹೊಸ ಜಾಯಿಂಟೂ ಬೇಗ ಸಾಯುತ್ತದೆ.

ಶಾಲೆಯ ವ್ಯಾನಿನ ಚಾಲಕ ಕಾದು ಸಾಕಾಗಿ ಸಾಲಿನಿಂದ ಹೊರಗೆ ತಿರುಗಿಸಿ ಏರುದಾರಿಯ ಕಡೆ ಮುಖ ಮಾಡುತ್ತಾನೆ. ಗುಂಡಿಯೊಳಗಿನಿಂದ ಗ್ರೀಸಕ್ಕನಿಗೆ ಅದರ ಚಕ್ರಗಳು ಮಾತ್ರ ಕಾಣುತ್ತವೆ. ಕೂಗಿ ನಿಲ್ಲಿಸುವುದಿಲ್ಲ. ಗುಂಡಿಯಂಚಿನ ವೈಸ್ ಎಂಬ ಕಬ್ಬಿಣದ ಇಕ್ಕಳದಲ್ಲಿ ಒತ್ತಿ ತೆಗೆದ ಹಳೇ ಕ್ರಾಸನ್ನು ಗಡಿಬಿಡಿಯ ಅಂಗೈಗೆ ಹಾಕುತ್ತಾರೆ. ಅದರ ಬೇರಿಂಗು ಸೂಜಿಗಳು ಅರ್ಧ ಮುರಿದಿವೆ, ಇನ್ನರ್ಧ ಪುಡಿಯಾಗಿವೆ. ಸದಾ ಅವಸರದ ಮನುಷ್ಯ ಅದನ್ನೇ ನೋಡುತ್ತ ನಿಲ್ಲುತ್ತಾನೆ. ಆಮೇಲೆ ಓಡಿಹೋಗಿ ವ್ಯಾನಿನ ಕಿಟಕಿಯೊಳಗೆ ಅಂಗೈ ಚಾಚುತ್ತಾನೆ. "ನೋಡಣ್ಣ. ಇದ್ರ ಮೇಲೆ ನಾನ್ ಈಗ ಗುಡ್ಡ ಹತ್ತೋನಿದ್ದೆ."

ವ್ಯಾನಿನ ಎಂಜಿನ್ ನಿಲ್ಲುತ್ತದೆ. ಹಿಂದಿನ ಜೀಪುಗಳವೂ ಒಂದೊಂದಾಗಿ ನಿಲ್ಲುತ್ತವೆ.

ಗೀಟಿಗೆ ಗೀಟು ಕೂಡಿಸಿ, ಗ್ರೀಸು ತುಂಬುವ ನಿಪ್ಪಲಿಗೆ ಗ್ರೀಸ್ ಗನ್ ಒತ್ತಿ, ಕ್ರಾಸಿನ ನಾಲ್ಕೂ ತುದಿಯಲ್ಲಿ ಹೊಸ ಗ್ರೀಸು ಇಣುಕುವವರೆಗೆ ತುಂಬಿಸಿ ಆಂಬುಲೆನ್ಸನ್ನು ಕಳಿಸುವ ಹೊತ್ತಿಗೆ ಬಿಸಿಲು ಶೆಡ್ಡಿನೊಳಗೆ ಬಂದಿದೆ. ಗ್ರೀಸಕ್ಕ ಮೇಲೆ ಹತ್ತಿ ನೋಡಿದರೆ ಶಾಲೆಯ ವ್ಯಾನಿನ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿವೆ. ಚಕ್ರಗಳಿಗೆ ಕಲ್ಲು ಕೊಟ್ಟಿದೆ. "ಏನ್ರೀ ಮಾಡ್ತಿದೀರಾ?"

"ನನ್ ಸರದಿ ಬರೋದ್ರೊಳಗೆ ನಾನೂ ಒಂದ್ಸಲ ಹಿಡ್ದು ನೋಡೋಣ ಅಂತ."

ಗ್ರೀಸಕ್ಕ ಕುಕ್ಕರುಗಾಲಲ್ಲಿ ಕೂತು ಬಗ್ಗುತ್ತಾರೆ. "ನೀವು ಹಿಡ್ದಿರೋದು ಸ್ಟೀರಿಂಗ್ ರಾಡು. ಅದ್ರ ಹಿಂದಿಂದು ಹಿಡೀರಿ. ಹಾಂ, ಅದೇ. ಈಗ ತಿರುಚಿ. ಅಲುಗುತ್ತಾ?"

"ಇಲ್ಲ."

"ಸಮಾಧಾನವಾಗಿ ನೋಡಿ. ಇನ್ನೊಂದ್ಸಲ."

ಜೀಪಿನ ಚಾಲಕರಿಬ್ಬರೂ ಬಂದು ಬಗ್ಗಿ ನೋಡುತ್ತಿದ್ದಾರೆ. ಗ್ರೀಸಕ್ಕನಿಗೆ ಸಂತೋಷವಾಗಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಏನಾದರೂ ಆಸೆ ಇದೆಯೇ ಎಂದರೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಸ್ವಲ್ಪ ಯೋಚಿಸುತ್ತಾರೆ. "ಇವ್ರೆಲ್ಲ ತಮ್ಮ ತಮ್ಮ ಶಾಫ್ಟ್ ತಾವೇ ನೋಡ್ಕೊಳ್ಳೋ ಹಾಗಾಗ್ಲಿ. ಈ ಗುಂಡಿಗೆ ಯಾರೂ ಬರ್ದೆ ಇರೋ ಒಂದು ಬೆಳಿಗ್ಗೆ ಬರ್ಲಿ. ಅವತ್ತು ಗಾಡಿಗಳೆಲ್ಲ ಮೇಲೆ ಹೋಗಿ, ಕೆಳಗೂ ಬಂದಿರ್ಬೇಕು. ನಾನು ಮಾತ್ರ ಇನ್ನೂ ಮಲಗಿರ್ಬೇಕು."