ವೆಲ್ಡಾ ಲಡ್ನಿಯರ್ ಒಗೆಯದ ಮೇಜುಬಟ್ಟೆ

ಡಿಸೆಂಬರ್ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ವೆಲ್ಡಾ ಲಡ್ನಿಯರ್ ಅವರ ಮನೆಗೆ ಯಾರೂ ಫೋನ್ ಮಾಡುತ್ತಿರಲಿಲ್ಲ. ವರ್ಷದ ಕೊನೆಗೆ ಊರೂರಿನವರು ಕರೆದು ಆಡಿಸುವ ಬೌಲ್ ಪಂದ್ಯಗಳಲ್ಲಿ ಯಾವುದಕ್ಕೆ ಯಾವ ಕಾಲೇಜಿನ ಫುಟ್‌ಬಾಲ್ ತಂಡ ಹೋಗುತ್ತದೆಂದು ಟಿ.ವಿ.ಯಲ್ಲಿ ಸಾರುವ ದಿನ ಅದು. ನಮ್ಮೂರಿನ ಸತ್ಸುಮಾ ಬೌಲ್‌ಗೆ ಬರುವ ಎರಡು ತಂಡಗಳ ಹೆಸರು ಕಿವಿಗೆ ಬಿದ್ದ ಕೂಡಲೇ ಆಕೆ ಉದ್ದನೆಯ ಬಿಳಿ ಮೇಜುಬಟ್ಟೆಯನ್ನು ಹರಡುವರು. ನಟ್ಟನಡುವೆ ಆ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದು ಸಂಜೆಯೊಳಗೆ ಹೊಲಿದು ಮುಗಿಸುವರು. ಮೂವತ್ತೆಂಟು ವರ್ಷ ಹೀಗೇ ನಡೆಯಿತು.

ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ವೆಲ್ಡಾ ಅಡುಗೆಯವರಾಗಿದ್ದರು. ಅವರ ಗಂಡ ಸೀಗಡಿ ಹಿಡಿಯುವ ದೋಣಿ ನಡೆಸುತ್ತಿದ್ದರು. ಬೌಲ್ ಶುರುವಾದ ವರ್ಷ, ಪಂದ್ಯದ ಹಿಂದಿನ ದಿನ ಎರಡೂ ತಂಡಗಳಿಗೆ ಚರ್ಚಿನ ಹಾಲ್‌ನಲ್ಲಿ ಊಟ ಹಾಕುವ ಕೆಲಸ ಆಕೆಯ ಪಾಲಿಗೆ ಬಂತು. ಸೀಗಡಿ, ಬೆಂಡೆಕಾಯಿ ಹಾಕಿದ ಗಂಬೋ ಸಾರು, ಅನ್ನ, ಕೊನೆಗೆ ನಮ್ಮ ತೋಟಗಳ ಸತ್ಸುಮಾ ಕಿತ್ತಳೆ. ಕಾಲು ಮುರಿದುಕೊಂಡು ಆಡಲಾಗದೆ ಕುಳಿತಿದ್ದ ಒಬ್ಬ ಹುಡುಗ ಬೇಸರಕ್ಕೆ ಮೇಜುಬಟ್ಟೆಯ ಮೂಲೆಯಲ್ಲಿ ತನ್ನ ಹೆಸರು ಗೀಚಿದ. “ಬೈಯೋಕೆ ಅಂತ ಹೋದೆ ಮೇಷ್ಟ್ರೇ. ಹೆಸರು ಓದಿದ ಮೇಲೆ ಒಗೆಯೋಕೆ ಕೈ ಬರ್ಲಿಲ್ಲ” ಎಂದು ಆಮೇಲೆ ನನಗೆ ಹೇಳಿದ್ದರು. ಆ ಹೆಸರಿನ ಮೇಲೆ ಕಸೂತಿ ಹಾಕಿದರು. ಅಲ್ಲಿಂದಾಚೆಗೆ ಕಾಲೇಜಿನ ಕೊನೆಯ ವರ್ಷದ ಆಟಗಾರರೆಲ್ಲ ಊಟವಾದ ಮೇಲೆ ಬಟ್ಟೆಯ ಮೇಲೆ ರುಜು ಹಾಕುವುದು, ವೆಲ್ಡಾ ಚಳಿಗಾಲವೆಲ್ಲ ಕುಳಿತು ತಂಡದ ಬಣ್ಣದ ದಾರದಲ್ಲಿ ಅದನ್ನು ಹೊಲಿಯುವುದು, ಒಗೆದು ಇಸ್ತ್ರಿ ಮಾಡಿ ಹಾಲ್‌ನ ಗೋಡೆಗೆ ತೂಗುಹಾಕುವುದು ಪದ್ಧತಿಯಾಯಿತು.

ಮೊದಮೊದಲು ಬಟ್ಟೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಕ್ರಮೇಣ ಕಾಲ ಬದಲಾಯಿತು. ದೇಶವೆಲ್ಲ ಕಣ್ಣಿಟ್ಟಿರುವುದು ಚಾಂಪಿಯನ್ ಯಾರೆಂದು ತೀರ್ಮಾನಿಸುವ ಹನ್ನೆರಡು ತಂಡಗಳ ದೊಡ್ಡ ಸುತ್ತಿನ ಮೇಲೆ. ನಮ್ಮಂಥ ಊರಿನ ಬೌಲ್ ಯಾರಿಗೆ ಬೇಕು? ವೃತ್ತಿ ತಂಡ ಸೇರುವ ಹುಡುಗರು ಪೆಟ್ಟಾದೀತೆಂದು ಬರುವುದಿಲ್ಲ. ಬೇರೆ ಕಾಲೇಜಿಗೆ ಮಾತು ಕೊಟ್ಟವರು ಗಂಟುಮೂಟೆ ಕಟ್ಟಿರುತ್ತಾರೆ. ಹೋದ ವರ್ಷ ಎರಡೂ ತಂಡ ಸೇರಿ ಹದಿನಾಲ್ಕೇ ರುಜು. ಕ್ರೀಡಾಂಗಣದ ಬೆಂಚುಗಳ ಮೇಲೆ ಕಡಲಹಕ್ಕಿಗಳು ಕುಳಿತಿದ್ದವು. ಅಂದು ವೆಲ್ಡಾ ನನಗೆ ಹೇಳಿದರು: “ಮುಂದಿನ ಸಲಾನೂ ಬಟ್ಟೆ ಅರ್ಧ ತುಂಬದಿದ್ರೆ ಸೂಜಿ ಡಬ್ಬಿಗೆ ಹಾಕ್ಬಿಡ್ತೀನಿ ಮೇಷ್ಟ್ರೇ. ಖಾಲಿ ಬಟ್ಟೆ ನೇತುಹಾಕಿ ಏನು ಮಾಡ್ಲಿ?”

ಈ ಸಲ ಟಿ.ವಿ.ಯಲ್ಲಿ ಬ್ರೆಂಟ್‌ವುಡ್, ಮಾರ್ಲೋ ಎಂಬ ಎರಡು ಹೆಸರು ಬಂದವು. ಆಕೆ ಅವತ್ತೇ ಎರಡನ್ನೂ ಹೊಲಿದರು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ, ಬೌಲ್ ಸಮಿತಿಯ ಅಧ್ಯಕ್ಷ ಹಾಲಿಸ್ ಟೇಟ್ ತನ್ನ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಬಂದ. ಒಂದು ಕಾಲಕ್ಕೆ ಅವನು ನನ್ನ ಶಿಷ್ಯ. ಊರಿನವರೆಲ್ಲರಂತೆ ಅವನೂ ವೆಲ್ಡಾರನ್ನು ಗೌರವದಿಂದ ‘ಮಿಸ್’ ಎನ್ನುತ್ತಿದ್ದ.

“ಮಿಸ್ ವೆಲ್ಡಾ, ಸ್ವಲ್ಪ ಕೂತ್ಕೊಳ್ಳಿ.”

“ನನ್ನ ಮನೇಲಿ ನನಗೇ ಕೂತ್ಕೋ ಅಂತೀಯಲ್ಲೋ! ಏನಾಯ್ತು ಹೇಳು.”

“ಮಾರ್ಲೋದವರು ಬರಲ್ವಂತೆ. ದೊಡ್ಡ ಸುತ್ತಿಗೆ ಸೇರಿಸ್ಲಿಲ್ಲ ಅಂತ ಸಿಟ್ಟು. ಅರ್ಧ ಹುಡುಗ್ರು ಆಗ್ಲೇ ಬಿಟ್ಟು ಹೋಗಿದಾರೆ.”

“ಊಟಕ್ಕೂ ಬರಲ್ವಾ?”

“ಆಟಕ್ಕೇ ಬರದೋರು ಊಟಕ್ಕೆ ಬರ್ತಾರಾ, ಮಿಸ್ ವೆಲ್ಡಾ?”

“ಅಯ್ಯೋ, ನಾನು ಹೊಲಿದುಬಿಟ್ಟಿದೀನಲ್ಲೋ!”

ಅಷ್ಟು ವರ್ಷಗಳಲ್ಲಿ ಕರೆ ಬಂದ ಯಾವ ತಂಡವೂ ಒಲ್ಲೆ ಎಂದಿರಲಿಲ್ಲ. ಹಾಲಿಸ್ ಟೋಪಿಯನ್ನು ತಿರುಗಿಸುತ್ತ ಮುಂದುವರಿಸಿದ. “ಸ್ಟಿಲ್‌ಫರ್ಡ್ ಅಂತ ಒಂದು ಕಾಲೇಜು ಒಪ್ಕೊಂಡಿದೆ. ಹಿಮ ಬೀಳೋ ಕಡೆಯೋರು. ಆರು ಪಂದ್ಯ ಗೆದ್ದಿರ್ಬೇಕು, ಇವರು ಗೆದ್ದಿರೋದು ಐದು. ಬೇರೆ ಯಾರೂ ಸಿಗ್ಲಿಲ್ಲ. ಓದಿನಲ್ಲಿ ಚೆನ್ನಾಗಿದಾರೆ ಅಂತ ಬಿಟ್ಕೊಂಡಿದಾರೆ.”

ಆ ಕೊನೆಯ ಮಾತು ನನಗೆ ಹಿಡಿಸಿತು. ವೆಲ್ಡಾ ಮಾತ್ರ ಸಣ್ಣ ಕತ್ತರಿ ತಂದು ಮಾರ್ಲೋದ ಹೊಲಿಗೆಯನ್ನು ಬಿಚ್ಚತೊಡಗಿದರು. ದಾರವೇನೋ ಬಂತು. ದಪ್ಪ ಬಟ್ಟೆಯಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿದವು.

“ಒಗೆದ್ರೆ ಮುಚ್ಕೊಳ್ಳುತ್ತೆ,” ಎಂದರು. “ಈಗ್ಲೇ ಒಗೆದ್ರೆ ಗಂಜಿ ಹೋಗಿ, ಹುಡುಗ್ರು ರುಜು ಹಾಕುವಾಗ ಇಂಕು ಹರಡುತ್ತೆ. ಊಟ ಮುಗೀಲಿ. ಇನ್ನೊಂದು ಹೆಸರನ್ನ ಮಾತ್ರ ಅವರು ಬಂದು ಕೂತ ಮೇಲೇ ಹೊಲಿಯೋದು.”

ಊಟದ ದಿನ ಆ ತೂತುಗಳ ಮೇಲೆ ಸರಿಯಾಗಿ ಕಿತ್ತಳೆಹಣ್ಣಿನ ದೊಡ್ಡ ಬೋಗುಣಿಯನ್ನು ಇಟ್ಟರು. ಬ್ರೆಂಟ್‌ವುಡ್‌ನವರು ಬಂದರು, ಉಂಡರು. ಹನ್ನೊಂದು ಜನ ರುಜು ಹಾಕಿ ಎದ್ದರು. ಸ್ಟಿಲ್‌ಫರ್ಡ್‌ನ ಬಸ್ಸು ಬಂದಾಗ ಮೂರು ಗಂಟೆ. ಒಂದೂವರೆ ದಿನದ ಪ್ರಯಾಣ. ಕೊನೆಯ ವರ್ಷದವರೇ ಇಪ್ಪತ್ತಾರು ಮಂದಿ. ಒಬ್ಬನೂ ತಪ್ಪಿಸಿಕೊಂಡಿರಲಿಲ್ಲ. ಅವರು ಹುಟ್ಟಿದ ಮೇಲೆ ಅವರ ಕಾಲೇಜು ಯಾವ ಬೌಲ್‌ಗೂ ಹೋಗಿರಲಿಲ್ಲವಂತೆ.

ರೂಬನ್ ಕೊವಾಲ್ ಎಂಬ ಬೆಟ್ಟದಂಥ ಹುಡುಗ ನಾಲ್ಕು ಬಟ್ಟಲು ಗಂಬೋ ಮುಗಿಸಿದ. ರುಜು ಹಾಕಲು ಜಾಗ ಹುಡುಕುತ್ತ ಬೋಗುಣಿಯನ್ನು ಎತ್ತಿದ.

“ಅಮ್ಮಾ, ಇಲ್ಲಿ ತೂತು ತೂತಾಗಿದೆ. ಅಲ್ಲ, ಏನೋ ಬರೆದಿದೆ. ಮಾರ್ಲೋ!”

ಹಾಲಿಸ್ ತನ್ನ ಬೂಟನ್ನೇ ನೋಡುತ್ತ ನಿಂತ.

“ಹೌದು ಮಗಾ,” ಎಂದರು ವೆಲ್ಡಾ. “ಅವರು ಬರ್ತಾರೆ ಅಂತ ಹೊಲಿದಿದ್ದೆ. ಬರ್ಲಿಲ್ಲ, ಬಿಚ್ಚಿದೆ. ನಿಮಗೆ ಕಾಣಬಾರ್ದು ಅಂತ ಹಣ್ಣು ಇಟ್ಟಿದ್ದೆ.”

“ಹಾಗಾದ್ರೆ ನಾವು ಅವರ ತಟ್ಟೇಲಿ ಉಂಡಂಗಾಯ್ತಾ?”

“ಕರೆದೋರು ಬರ್ಲಿಲ್ಲ, ಬಂದೋರೇ ನೆಂಟರು. ಇನ್ನೊಂದು ಸೌಟು ಹಾಕ್ಲಾ?”

“ಬೇಡಿ ಅಮ್ಮಾ, ನಾಳೆ ಇವನು ಓಡ್ಬೇಕು,” ಎಂದ ಪಕ್ಕದವನು.

“ಇವನು ಯಾವತ್ತು ಓಡಿದಾನೆ?” ಎಂದ ಇನ್ನೊಬ್ಬ. ಹಾಲ್ ತುಂಬ ನಗು.

ರೂಬನ್ ಬಟ್ಟಲು ಮುಂದೊಡ್ಡಿದ. ನಗುವಿನಲ್ಲಿ ಒಂದಿಷ್ಟು ಸಾರು ಬಟ್ಟೆಗೆ ಚೆಲ್ಲಿತು. ಕಿವಿ ಕೆಂಪಾಗಿಸಿಕೊಂಡು ಅದನ್ನು ಒರೆಸಿದ. ಆಮೇಲೆ ತೂತುಗಳ ಸಾಲಿನ ಕೆಳಗೆ, ಗೆರೆ ಎಳೆದಂತೆ ನೇರವಾಗಿ, ತನ್ನ ಹೆಸರು ಬರೆದ.

“ಇದನ್ನ ಮುಚ್ಚಬೇಡಿ ಅಮ್ಮಾ. ನಾವು ಯಾವ ಬಾಗಿಲಿಂದ ಒಳಗೆ ಬಂದ್ವಿ ಅಂತ ಗೊತ್ತಿರ್ಲಿ.”

ಉಳಿದ ಇಪ್ಪತ್ತೈದು ಜನ ಅವನ ಹಿಂದೆ ಸಾಲು ನಿಂತರು. ಮಾರನೆಯ ದಿನ ಅವರು ಹತ್ತು-ಮೂವತ್ತೊಂದು ಅಂಕಗಳಿಂದ ಸೋತರು. ಕ್ರೀಡಾಂಗಣ ಕಾಲುಭಾಗವೂ ತುಂಬಿರಲಿಲ್ಲ. ಹಿಮದ ಬೂಟುಗಳಲ್ಲೇ ಬಂದಿದ್ದ ತಂದೆತಾಯಿಗಳು ಮಾತ್ರ ಕೊನೆಯ ನಿಮಿಷದವರೆಗೂ ನಿಂತೇ ಇದ್ದರು.

ಮಾರ್ಚ್‌ನಲ್ಲಿ ನಾನು ಹೋದಾಗ ಮೂವತ್ತೇಳು ಹೆಸರುಗಳ ಕಸೂತಿಯೂ ಮುಗಿದಿತ್ತು. ಬಟ್ಟೆ ಅಂಚಿನವರೆಗೆ ತುಂಬಿತ್ತು. ಸ್ಟಿಲ್‌ಫರ್ಡ್ ಎಂಬ ಹೆಸರು ತೂತುಗಳ ಮೇಲ್ಗಡೆ ಹಸಿರು ದಾರದಲ್ಲಿತ್ತು. ಒಗೆಯಲು ತೊಟ್ಟಿಯಲ್ಲಿ ಬಿಸಿನೀರು ಹಬೆಯಾಡುತ್ತಿತ್ತು. ವೆಲ್ಡಾ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

“ನೀರಿಗೆ ಹಾಕಿದ್ರೆ ತೂತು ಮುಚ್ಕೊಂಡುಬಿಡುತ್ತೆ ಮೇಷ್ಟ್ರೇ.”

“ಸಾರಿನ ಕಲೆ?”

“ಅದೂ ಇರ್ಲಿ.”

ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. ತೊಟ್ಟಿಯ ನೀರು ಪಾತ್ರೆ ತೊಳೆಯಲು ಹೋಯಿತು.

“ನಾಳೆ ನಿಮ್ಮ ಕಾರಲ್ಲಿ ಬಟ್ಟೆ ಅಂಗಡಿಗೆ ಕರ್ಕೊಂಡು ಹೋಗ್ತೀರಾ? ಮುಂದಿನ ವರ್ಷಕ್ಕೆ ಹೊಸದು ಬೇಕು,” ಎಂದರು. “ಹೆಸರು ಮಾತ್ರ ಬಸ್ಸು ಬಂದ ಮೇಲೇ.”