ಕೂತಲ್ಲೇ ನಡೆದ ಹೆಜ್ಜೆಗಳು

ಮೊಮ್ಮಗಳ ಮಾತು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಮಗಳ ಮಗಳು ಅವಳು, ತಿಪಟೂರಿನಲ್ಲಿ ಪಿಯುಸಿ ಓದುತ್ತಾಳೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅವಳು ಫೋನಿನಲ್ಲಿ ಎರಡು ಮಾತಾಡಿದರೆ ಸಾಕು, ಅವತ್ತೆಲ್ಲ ನನಗೆ ಹೊಟ್ಟೆ ತುಂಬಿದ ಹಾಗಿರುತ್ತದೆ. ಇಂಥ ಮಗುವಿಗೆ ನಾನು ಎರಡು ತಿಂಗಳು ಸುಳ್ಳು ಹೇಳಿದೆ. ಅದನ್ನು ಹೇಳಲು ಕೂತರೆ ಈಗಲೂ ಮುಖ ಬಿಸಿಯಾಗುತ್ತದೆ.

ನನಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದರೆ ಸಾಲದು, ದಿನಾ ನಡೆಯಬೇಕು ಎಂದು ತಿಪಟೂರಿನ ಡಾಕ್ಟರಮ್ಮ ಹೇಳಿದ್ದರು. ಅದನ್ನು ಕೇಳಿಸಿಕೊಂಡ ಮೊಮ್ಮಗಳು ಹೊನ್ನವಳ್ಳಿಯ ನಮ್ಮ ಮನೆಗೆ ಒಂದು ವಾಚು ತಂದಳು. ತನ್ನ ಹುಟ್ಟುಹಬ್ಬಕ್ಕೆ ಬಟ್ಟೆ ಬೇಡ, ಅಜ್ಜಿಗೆ ವಾಚು ಬೇಕು ಎಂದು ಅವರಪ್ಪನ ಹತ್ತಿರ ಹಟ ಮಾಡಿ ಕೊಡಿಸಿಕೊಂಡಿದ್ದಳಂತೆ. ನನ್ನ ಬಲಗೈಯಲ್ಲಿ ಬಳೆ ಒಡೆದು ಒಂದೇ ಉಳಿದಿತ್ತು. ಅಲ್ಲೇ ಜಾಗ ಇದೆ ಎಂದು ಆ ಕೈಗೇ ಕಟ್ಟಿದಳು.

"ಇದು ಬರೀ ಗಂಟೆ ನೋಡಕ್ಕಲ್ಲ ಅಜ್ಜಿ. ನೀನು ಎಷ್ಟು ಹೆಜ್ಜೆ ನಡೀತೀಯ ಅಂತ ಎಣಿಸ್ತದೆ. ಲೆಕ್ಕ ನಿನ್ ಫೋನಿಗೆ ಬತ್ತದೆ, ಅಲ್ಲಿಂದ ನನ್ ಫೋನಿಗೂ ಬತ್ತದೆ. ದಿನಕ್ಕೆ ಆರು ಸಾವಿರ. ತಪ್ಪಿಸ್ಕಳಂಗಿಲ್ಲ!"

"ಆರು ಸಾವಿರವಾ! ತ್ವಾಟಕ್ಕೋಗಿ ಬಂದ್ರೆ ಆಯ್ತದೇನವ್ವ?"

"ಮೂರು ಸಲ ಹೋಗಿ ಬಾ."

ಮೊದಲ ವಾರ ನಡೆದೆ, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಮಂಡಿ ನೋಯಿತು. ಅದಕ್ಕಿಂತ ಹೆಚ್ಚಾಗಿ ಬೇಜಾರಾಯಿತು. ಕೈಯಲ್ಲಿ ಒಂದು ಕುಡುಗೋಲಿಲ್ಲ, ತಲೆಯ ಮೇಲೆ ಒಂದು ಹೊರೆ ಇಲ್ಲ, ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವುದು ನಾನು ಈ ಜನ್ಮದಲ್ಲಿ ಮಾಡಿದ್ದಲ್ಲ. ದಾರಿಯಲ್ಲಿ ಸಿಕ್ಕವರು "ಎಲ್ಲಿಗೆ ಹೊಂಟ್ರಿ?" ಎಂದರೆ ಏನೆಂದು ಹೇಳುವುದು?

ಒಂದು ದಿನ ಹೋಗಲೇ ಇಲ್ಲ. ತೋಟದಲ್ಲಿ ಬಿದ್ದ ತೆಂಗಿನ ಗರಿಗಳನ್ನು ನಮ್ಮ ಯಜಮಾನರು ತಂದು ಹಾಕಿದ್ದರು. ಜಗುಲಿಯ ಮೇಲೆ ಕೂತು ಪೊರಕೆಗೆ ಕಡ್ಡಿ ಹೆರೆದೆ. ಎಡಗೈಯಲ್ಲಿ ಗರಿಯ ಎಲೆ ಹಿಡಿದು ಬಲಗೈಯ ಚಾಕುವನ್ನು ಸರ್ರನೆ ಎಳೆದರೆ ಹಸಿರು ಒಂದು ಕಡೆ, ಕಡ್ಡಿ ಒಂದು ಕಡೆ. ಆ ಕೆಲಸಕ್ಕೆ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸಾಯಂಕಾಲ ವಾಚು ಗುರ್ ಎಂದು ಅದುರಿ ಬಣ್ಣಬಣ್ಣದ ನಕ್ಷತ್ರ ತೋರಿಸಿತು. ಹಿಂದೆಯೇ ಮೊಮ್ಮಗಳ ಫೋನು.

"ಅಜ್ಜೀ, ಏಳು ಸಾವಿರ ಆಗೈತೆ! ನನ್ ಫ್ರೆಂಡ್ಸ್‌ಗೆಲ್ಲ ತೋರಿಸ್ದೆ. ನಿಮ್ಮಜ್ಜಿ ಸೂಪರ್ ಕಣೇ ಅಂತವ್ರೆ!"

ನಾನು ಅವತ್ತು ಗೇಟು ದಾಟಿರಲಿಲ್ಲ. ಇಲ್ಲ ಕಣವ್ವ ಎನ್ನಲು ಬಾಯಿ ತೆರೆದೆ. ಆ ಕಡೆ ಅವಳ ನಗು ಕೇಳಿಸುತ್ತಿತ್ತು. "ಹೂಂ ಕಣವ್ವ" ಎಂದೆ. ಅಷ್ಟೇ. ಅಲ್ಲಿಂದ ಶುರುವಾಯಿತು.

ಚಾಕು ಎಳೆದ ಒಂದೊಂದು ಸಲವೂ ವಾಚು ಒಂದೊಂದು ಹೆಜ್ಜೆ ಎಂದುಕೊಳ್ಳುತ್ತಿದೆ ಎಂಬುದು ನನಗೆ ಮಾರನೆಯ ದಿನವೇ ತಿಳಿಯಿತು. ಆಮೇಲೆ ದಿನಾ ಪೊರಕೆಯೇ. ನಮ್ಮ ಯಜಮಾನರು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು, "ಇವ್ಳು ಕೂತ್ಕಂಡೇ ತಿಪಟೂರು ಮುಟ್ಬುಟ್ಟು ವಾಪಸ್ ಬತ್ತಾಳೆ ಕಣಮ್ಮ. ಬಸ್ಸೂ ಬ್ಯಾಡ, ಏನೂ ಬ್ಯಾಡ."

"ಸುಮ್ಕಿರ್ರೀ, ಮಗೀಗೆ ಗೀಗೆ ಹೇಳ್ಬುಟ್ಟೀರ!"

"ನಾನ್ಯಾಕೆ ಹೇಳ್ಲಿ? ಗರಿ ಮುಗುದ್ರೆ ಹೇಳು, ಹೊತ್ಕಂಡ್ ಬತ್ತೀನಿ. ನಂಗಾದ್ರೂ ನಡಿಗೆ ಆಯ್ತದೆ."

ಪೊರಕೆಗಳು ಹೆಚ್ಚಾದವು. ಕೇಳಿದವರಿಗೆ ಕೊಟ್ಟೆ, ಕೇಳದವರಿಗೂ ಕೊಟ್ಟೆ. ತಿಪಟೂರಿಗೆ ಮಗಳ ಮನೆಗೂ ಒಂದು ಕಂತೆ ಕಳಿಸಿದೆ.

ಎರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರಮ್ಮನ ಹತ್ತಿರ ಹೋದೆವು. ಮೊಮ್ಮಗಳು ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಫೋನು ಮುಂದೆ ಹಿಡಿದು ನನ್ನ ಹೆಜ್ಜೆಗಳನ್ನೆಲ್ಲ ತೋರಿಸಿದಳು. ಡಾಕ್ಟರಮ್ಮ ಫೋನು ನೋಡಿದರು, ಪರೀಕ್ಷೆಯ ಚೀಟಿ ನೋಡಿದರು, ಮತ್ತೆ ಫೋನು ನೋಡಿದರು.

"ಇಷ್ಟು ನಡೆದೂ ಶುಗರ್ ಏರಿದೆಯಲ್ಲ ಅಜ್ಜಿ. ಹಾಗಾದ್ರೆ ಬರೀ ಮಾತ್ರೆ ಸಾಲಲ್ಲ. ಇಂಜೆಕ್ಷನ್ ಶುರು ಮಾಡೋಣ. ದಿನಾ ಚುಚ್ಕೋಬೇಕಾಗುತ್ತೆ."

ನಿಜ ಹೇಳುತ್ತೇನೆ, ಚುಚ್ಚಿಸಿಕೊಂಡು ಸುಮ್ಮನಿದ್ದುಬಿಡೋಣ ಎಂದೇ ಅಂದುಕೊಂಡೆ. ಆ ಮಗುವಿನ ಮುಂದೆ ಮಾನ ಕಳೆದುಕೊಳ್ಳುವುದಕ್ಕಿಂತ ಸೂಜಿಯೇ ವಾಸಿ ಅನ್ನಿಸಿತು. ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಅಷ್ಟರಲ್ಲಿ ಮೊಮ್ಮಗಳು ಕೇಳಿದಳು.

"ಮೇಡಂ, ನಾನೇ ಜಾಸ್ತಿ ನಡೆಸ್ಬಿಟ್ನಾ? ಅಜ್ಜಿ ಮಂಡಿ ನೋವು ಅಂದಿತ್ತು. ನಾನು ಬಿಡ್ಲೇ ಇಲ್ಲ." ಅವಳ ಕಣ್ಣು ತುಂಬಿತ್ತು.

"ನಾನು ನಡೆದೇ ಇಲ್ಲ ಕಣವ್ವ" ಎಂದುಬಿಟ್ಟೆ.

"ಮತ್ತೆ ಯಾರು ನಡೆದಿದ್ದು?" ಎಂದರು ಡಾಕ್ಟರಮ್ಮ.

"ಪೊರಕೆ ಕಡ್ಡಿ ಹೆರೀತಿದ್ದೆ, ಜಗುಲಿ ಮ್ಯಾಲೆ. ಹಿಂಗೆ..." ಎಂದು ಬರಿಗೈಯನ್ನು ನಾಲ್ಕು ಸಲ ಎಳೆದು ತೋರಿಸಿದೆ. ವಾಚು ಬೆಳಗಿತು.

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೊಮ್ಮಗಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ಅದ್ಕೇನಾ ಅಜ್ಜಿ ನಮ್ಮನೇಲಿ ಐದು ಪೊರಕೆ ಇರೋದು?"

ನಾನು ತಲೆ ತಗ್ಗಿಸಿದೆ. ನನ್ನ ಮಕ್ಕಳ ಮುಂದೆ, ಗಂಡನ ಮುಂದೆ ಯಾವತ್ತೂ ಹಾಗೆ ತಲೆ ತಗ್ಗಿಸಿದವಳಲ್ಲ ನಾನು.

ಡಾಕ್ಟರಮ್ಮ ಇಂಜೆಕ್ಷನ್ ಬರೆಯಲಿಲ್ಲ. ಸದ್ಯಕ್ಕೆ ಅದೇ ಮಾತ್ರೆ, ಈ ಸಲ ನಿಜವಾಗಿ ನಡೆದು ಬನ್ನಿ, ಆಮೇಲೆ ನೋಡೋಣ ಎಂದರು. ಹೊರಗೆ ಬೆಂಚಿನ ಮೇಲೆ ಕೂತೆ. ಮೊಮ್ಮಗಳು ನನ್ನ ಕೈ ಹಿಡಿದು ವಾಚು ಬಿಚ್ಚಿದಳು. ತಗೊಂಡು ಹೋಗಲಿ, ನ್ಯಾಯವೇ ಎಂದುಕೊಂಡೆ. ಅವಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ನನ್ನ ಕಾಲು ಎಳೆದುಕೊಂಡಳು.

"ಮುಟ್ಬ್ಯಾಡ ಕಣವ್ವ, ಧೂಳಾಗೈತೆ. ಹಿಮ್ಮಡಿ ಬ್ಯಾರೆ ಒಡ್ದೈತೆ."

"ಸುಮ್ನಿರು." ಪಟ್ಟಿಯ ಕೊನೇ ತೂತಿಗೆ ಸಿಕ್ಕಿಸಿ ಕಾಲಿಗೆ ಕಟ್ಟಿದಳು. "ಈಗ ಹೆರಿ, ನೋಡಣ."

ಆಸ್ಪತ್ರೆಯಲ್ಲಿ ಕೂತವರೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದರು. ಸೀರೆ ಕೆಳಗೆಳೆದುಕೊಂಡೆ. ಆಟೋ ಕರೆಯಲು ಅವಳು ಬಿಡಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನನ್ನ ಪಕ್ಕದಲ್ಲೇ, ನನ್ನ ಕಾಲಿನಷ್ಟೇ ನಿಧಾನವಾಗಿ ನಡೆದಳು. ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಂಡಳು.

ಈಗ ತೋಟಕ್ಕೆ ಹೋಗಿ ಬರುತ್ತೇನೆ. ಎಲ್ಲಿಗೆ ಎಂದು ಕೇಳಿದವರಿಗೆ, ನಡೆಯಕ್ಕೆ ಅನ್ನುತ್ತೇನೆ. ಮೊನ್ನೆ ಸಾಯಂಕಾಲ ಅವಳ ಫೋನು ಬಂತು. ಅವಳು ಬಾಯಿ ತೆರೆಯುವ ಮೊದಲೇ ಹೇಳಿದೆ, "ಇವತ್ತು ನಾಕೇ ಸಾವಿರ ಕಣವ್ವ. ಮಂಡಿ ನೋವು."

"ಗೊತ್ತು, ನೋಡ್ದೆ" ಎಂದಳು. "ಸಾಕು ಬುಡಜ್ಜಿ. ಎಣ್ಣೆ ಹಚ್ಕೊಂಡು ಮಲಕೋ."